ಲವಣಾಸುರನ ಕೆರೆಯ ಜೀವಾಣುಗಳು

ಮಾವಿನ ಮಿಡಿಯನ್ನು ಉಪ್ಪಿನೊಡನೆ ಭರಣಿಯಲ್ಲಿ ತುಂಬಿ ಬಾಯಿ ಕಟ್ಟಿಟ್ಟರೆ ವರ್ಷ ಕಳೆದರೂ ಅದು ಕೆಡುವುದಿಲ್ಲ. ಈ ಸಂಗತಿಯನ್ನು ಅರಿಯದ ಮನೆ ಕನ್ನಡ ನಾಡಿನಲ್ಲಿ ಇರಲಾರದು. ಹಾಗೆಯೇ, ಸಾಬೂನು ಹಳ್ಳಿಗಳನ್ನು ಮುಟ್ಟುವ ಮುನ್ನ ಅಗಸರು ಸವಳು ಮಣ್ಣನ್ನು ತಂದು, ನೀರಿನಲ್ಲಿ ಕದಡಿ, ಅದರ ತಿಳಿಯಲ್ಲಿ ಬಟ್ಟೆಗಳನ್ನು ಬೇಯಿಸುತ್ತಿದ್ದರು. ಉಪ್ಪು ಕೊಳೆಯಿಸುವ ಜೀವಾಣುಗಳನ್ನು ತಡೆಯುತ್ತದೆ. ಸವಳಿನಲ್ಲಿರುವ ಕ್ಷಾರವು ಎಣ್ಣೆ ಜಿಡ್ಡುಗಳನ್ನು ಸಡಿಲಿಸುತ್ತದೆ. ಜೀವಕೋಶವನ್ನು ಸುತ್ತುವರಿದ ಪೊರೆಯಾದರೋ ಮೂಲತಃ ಜಿಡ್ಡಿನ ಜಾತಿಗೇ ಸೇರಿದುದು. ಹೀಗಿರಲಾಗಿ, ಉಪ್ಪೂ ಕ್ಷಾರವೂ ಒಂದೇ ಕಡೆ ಕೂಡಿರುವ ನೀರಿನಲ್ಲಿ ಯಾವ ಜೀವಿ ತಾನೆ ಬದುಕೀತು?

ಈ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಬಹಳ ದೂರ ಹೋಗಬೇಕಾಗಿಲ್ಲ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಲ್ಲಿ ಲೋಣಾರ ಎಂಬ ಊರಿದೆ. ಅಲ್ಲಿನ ನೆಲ ನಮ್ಮ ಬೀದರ, ಕಲಬುರಗಿ, ವಿಜಯಪುರ, ಬೆಳಗಾವಿಗಳ ಕಡೆ ಕಾಣುವ ಕಪ್ಪು ಬಸಾಲ್ಟ್ ಶಿಲೆಯದೇ. ಊರಿನ ಪಕ್ಕದಲ್ಲಿ ನೆಲ ಇದ್ದಕ್ಕಿದ್ದಂತೆ ಕುಸಿದು, ಸುಮಾರು ೧.೮ ಕಿಲೋಮೀಟರು ಅಗಲದ ದುಂಡನೆಯ ಬಟ್ಟಲಾಗಿದೆ. ಬಟ್ಟಲಿನ ತಳದಲ್ಲಿ ಒಂದು ಕೆರೆ. ವಿಷ್ಣುವು ಲವಣಾಸುರನನ್ನು ಕೊಂದ ಸ್ಥಳ ಇದೆಂದು ಸ್ಥಳಪುರಾಣ ಹೇಳುತ್ತದೆ. ಊರಿನೊಳಗೆ ದೈತ್ಯಸೂದನನ ದೇವಾಲಯವೂ ಉಂಟು. ರಾಮಾಯಣವನ್ನು ಓದಿದವರು ಲವಣಾಸುರನನ್ನು ಕೊಂದವನು ಶತ್ರುಘ್ನನಲ್ಲವೆ ಎಂದು ಕೇಳಬಹುದು. ಆ ವ್ಯಾಜ್ಯಕ್ಕೆ ನಾವು ಹೋಗುವುದಿಲ್ಲ. ಅಸುರನ ಹೆಸರಿನಲ್ಲಿ ಲವಣವಿರುವುದಷ್ಟೇ ನಮಗೆ ಇಲ್ಲಿ ಮುಖ್ಯ.

ಇದನ್ನು ಬಹುಕಾಲ ಜ್ವಾಲಾಮುಖಿಯ ಬಾಯಿಯೆಂದೇ ಅನೇಕರು ತಿಳಿದಿದ್ದರು. ೧೯೭೩ರಲ್ಲಿ ಪ್ರಕಟವಾದ ಒಂದು ಸಂಶೋಧನೆ ಆ ಸಂದೇಹವನ್ನು ನಿವಾರಿಸಿತು. ಇಲ್ಲಿನ ಶಿಲೆಯ ಕೆಲವು ಖನಿಜಗಳು ಪ್ರಚಂಡ ಆಘಾತದಿಂದ ಮಾತ್ರ ಆಗಬಲ್ಲ ಗಾಜಿನ ರೂಪಕ್ಕೆ ತಿರುಗಿದ್ದುವು. ಅಂದರೆ ಆಕಾಶದಿಂದ ಬಂದ ಬಂಡೆಯೊಂದು ಈ ಕುಳಿಯನ್ನು ಮಾಡಿತು. ೨೦೧೧ರಲ್ಲಿ ಪ್ರಕಟವಾದ ಆರ್ಗಾನ್ ಕಾಲನಿರ್ಣಯದ ಪ್ರಕಾರ ಈ ಘಟನೆಗೆ ಸುಮಾರು ೫,೭೦,೦೦೦ ವರ್ಷಗಳಾಗಿವೆ. ಇದಕ್ಕಿಂತ ಬಹಳ ಕಡಮೆ ವಯಸ್ಸನ್ನು ಸೂಚಿಸುವ ಹಿಂದಿನ ಅಳತೆಗಳೂ ಇವೆ.

ಕೆಲವು ವರ್ಷಗಳ ಹಿಂದೆ ನಾವು ನಮ್ಮ ಕಾಲೇಜಿನ ಹದಿನಾಲ್ಕು ಮಂದಿ ವಿದ್ಯಾರ್ಥಿಗಳೊಡನೆ ಈ ಕುಳಿಯನ್ನು ನೋಡಲು ಹೋಗಿದ್ದೆವು. ಭೌತವಿಜ್ಞಾನದವರಾದ ನಮ್ಮ ಆಸೆಯೆಲ್ಲ ಉಲ್ಕೆಯ ಮೇಲೆಯೇ ಇತ್ತು. ಕೆಳಗಿಳಿದು ದಡವನ್ನು ಸಮೀಪಿಸಿದಾಗ ಮೊದಲು ನಮ್ಮನ್ನು ಎದುರುಗೊಂಡುದು ಕೊಳೆತ ಮೊಟ್ಟೆಯಂತಹ ವಾಸನೆ. ಆಮೇಲೆ ಪಾಚಿಯ ದಟ್ಟವಾದ ಹಸುರು. ವಿದ್ಯಾರ್ಥಿನಿಯೊಬ್ಬಳು ತನ್ನ ಪೆಟ್ಟಿಗೆಯಿಂದ ಪಿ-ಎಚ್ ಕಾಗದದ ಒಂದು ಚೂರನ್ನು ತೆಗೆದು ಅಂಚಿನ ನೀರಿಗೆ ತಾಗಿಸಿದಳು. ಕಾಗದ ಕಡುನೀಲಿಗೆ ತಿರುಗಿತು. ಬಣ್ಣದ ಪಟ್ಟಿಯಲ್ಲಿ ಅದು ೧೦ರ ಮನೆಗೆ ಹೊಂದಿತು. ಬಟ್ಟೆ ಒಗೆಯುವ ಸೋಡದ ನೀರಿಗೆ ಇದು ಹೆಚ್ಚು ದೂರವಲ್ಲ. “ಇಷ್ಟು ಕ್ಷಾರವಿದ್ದರೆ ಹಸುರು ಎಲ್ಲಿಂದ ಬಂತು, ಸಾರ್?” ಎಂದು ಅವಳು ಕೇಳಿದಳು. ನಮ್ಮಲ್ಲಿ ಆಗ ಉತ್ತರವಿರಲಿಲ್ಲ. ಆ ಪ್ರದೇಶ ರಕ್ಷಿತ ವನ್ಯಧಾಮವಾದುದರಿಂದ ನೀರನ್ನಾಗಲಿ ಕೆಸರನ್ನಾಗಲಿ ನಾವು ತರಲಿಲ್ಲ. ಪ್ರಶ್ನೆಯನ್ನು ಮಾತ್ರ ತಂದೆವು.

ಮೊದಲು ಕೆರೆಯಲ್ಲಿ ಸೋಡ ಹೇಗೆ ಕೂಡುತ್ತದೆಂಬುದನ್ನು ನೋಡೋಣ. ಮಳೆಯ ನೀರು ಗಾಳಿಯಲ್ಲಿನ ಇಂಗಾಲಾಮ್ಲವನ್ನು ಹೀರಿ ಬಸಾಲ್ಟನ್ನು ಮೆಲ್ಲಮೆಲ್ಲನೆ ಕರಗಿಸುತ್ತದೆ. ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ ಬೈಕಾರ್ಬೊನೇಟೂ ಹೀಗೆ ಕೆರೆಗೆ ಬಂದು ಸೇರುತ್ತವೆ. ಈ ಕೆರೆಗೆ ಒಳಹರಿವು ಉಂಟು, ಹೊರಹರಿವು ಇಲ್ಲ. ನೀರು ಆವಿಯಾದಂತೆ ಮೊದಲು ಸುಣ್ಣಕಲ್ಲು ತಳಕ್ಕೆ ಕೂರುತ್ತದೆ. ಅದು ಕ್ಯಾಲ್ಸಿಯಮ್ಮನ್ನೂ ಕಾರ್ಬೊನೇಟನ್ನೂ ಜೊತೆಜೊತೆಯಾಗಿ ಕೊಂಡೊಯ್ಯುತ್ತದೆ. ಇಲ್ಲಿ ಒಂದು ಸಣ್ಣ ಲೆಕ್ಕ ಕೆರೆಯ ಹಣೆಬರಹವನ್ನೇ ಬರೆದುಬಿಡುತ್ತದೆ. ಬಂದ ನೀರಿನಲ್ಲಿ ಕ್ಯಾಲ್ಸಿಯಮ್ಮಿನ ಕೈ ತುಸು ಮೇಲಾಗಿದ್ದರೆ ಕಾರ್ಬೊನೇಟೆಲ್ಲ ತೀರಿಹೋಗಿ, ಉಪ್ಪಾದರೂ ಕ್ಷಾರವಲ್ಲದ ನೀರು ಉಳಿಯುತ್ತದೆ. ಮೃತಸಮುದ್ರ ಈ ಬಗೆಯದು. ಕಾರ್ಬೊನೇಟಿನ ಕೈ ತುಸು ಮೇಲಾಗಿದ್ದರೆ ಕ್ಯಾಲ್ಸಿಯಂ ತೀರಿ, ಉಳಿದ ಕಾರ್ಬೊನೇಟು ಸೋಡಿಯಮ್ಮಿನ ಸಂಗಡ ಕೂಡಿ ಸೋಡದ ಕೆರೆಯಾಗುತ್ತದೆ. ಕೀನ್ಯದ ಮಾಗಡಿ, ಈಜಿಪ್ಟಿನ ವಾದಿ ನಾಟ್ರೂನ್, ಕ್ಯಾಲಿಫೋರ್ನಿಯದ ಮೋನೋ, ನಮ್ಮ ಲೋಣಾರ ಇವೆಲ್ಲ ಈ ಎರಡನೆಯ ಪಂಗಡದವು. (ಕೀನ್ಯದ ಮಾಗಡಿಗೂ ಕೆಂಪೇಗೌಡರ ಮಾಗಡಿಗೂ ಯಾವ ನಂಟೂ ಇಲ್ಲ.)

ಉಪ್ಪಿನ ಹಿಂಡು

ಉಪ್ಪಿನ ಕಾಟ ಎಂತಹುದೆಂಬುದನ್ನು ಅಂಕಿಗಳಲ್ಲಿ ಹೇಳಬಹುದು. ಒಂದು ಲೀಟರು ನೀರಿನಲ್ಲಿ ೫೮.೫ ಗ್ರಾಂ ಅಡಿಗೆಯ ಉಪ್ಪನ್ನು ಕರಗಿಸಿದರೆ, ಬೇಸಿಗೆಯ ಉಷ್ಣತೆಯಲ್ಲಿ ಅದರ ಪರಾಸರಣ ಒತ್ತಡ ಸುಮಾರು ೪೯ ವಾಯುಭಾರಗಳಷ್ಟಾಗುತ್ತದೆ. ೪೯ ವಾಯುಭಾರವೆಂದರೆ ೫೦೦ ಮೀಟರಿಗೂ ಮಿಗಿಲಾದ ನೀರಿನ ಕಂಬ. ಜೋಗದ ರಾಜಾ ಧಬಧಬೆಯ ಎತ್ತರದ ಎರಡರಷ್ಟು. ತನ್ನೊಳಗೆ ಸಿಹಿನೀರನ್ನು ಇಟ್ಟುಕೊಂಡ ಜೀವಕೋಶವನ್ನು ಇಂತಹ ದ್ರವದಲ್ಲಿ ಬಿಟ್ಟರೆ ಒಳಗಿನ ನೀರೆಲ್ಲ ಹೊರಕ್ಕೆ ಸೆಳೆಯಲ್ಪಟ್ಟು ಅದು ಮಿಡಿಯಂತೆಯೇ ಸುರುಟಿಹೋಗುತ್ತದೆ. ಉಪ್ಪಿನಕಾಯಿ ಕೆಡದಿರುವ ಗುಟ್ಟು ಇದೇ.

ಇದಕ್ಕೆ ಪ್ರತೀಕಾರವಾಗಿ ಜೀವಾಣುಗಳು ಎರಡು ಉಪಾಯಗಳನ್ನು ಕಂಡುಕೊಂಡಿವೆ. ಒಂದು, ಹೊರಗೆ ಎಷ್ಟು ಲವಣವಿದೆಯೋ ಒಳಗೂ ಅಷ್ಟನ್ನೇ ತುಂಬಿಕೊಳ್ಳುವುದು. ಆದರೆ ಸೋಡಿಯಮ್ಮನ್ನಲ್ಲ, ಪೊಟಾಸಿಯಮ್ಮನ್ನು. ಹೀಗೆ ಮಾಡುವ ಜೀವಿಯ ಪ್ರೋಟೀನುಗಳೆಲ್ಲ ಲವಣಕ್ಕೇ ಒಗ್ಗಿದವಾಗಿರಬೇಕು. ಒಮ್ಮೆ ಒಗ್ಗಿದುವೋ, ಸಿಹಿನೀರೇ ಅವುಗಳಿಗೆ ವಿಷ! ಎರಡನೆಯ ಉಪಾಯದಲ್ಲಿ ಲವಣವನ್ನು ಹೊರಗೇ ತಡೆದು, ಒಳಗೆ ಪ್ರೋಟೀನುಗಳಿಗೆ ತೊಂದರೆ ಕೊಡದ ಸಣ್ಣ ಅಣುಗಳನ್ನು ರಾಶಿ ಹಾಕಿಕೊಳ್ಳುವುದು. ಇಂತಹ ಅಣುಗಳಲ್ಲಿ ಎಕ್ಟೋಯಿನ್ ಎಂಬುದು ಪ್ರಸಿದ್ಧ. ೧೯೮೫ರಲ್ಲಿ ಇದು ಮೊದಲು ಸಿಕ್ಕಿದ್ದು ಒಂದು ಸೋಡ ಕೆರೆಯ ಬ್ಯಾಕ್ಟೀರಿಯದಲ್ಲಿಯೇ. ಚರ್ಮ ಒಣಗದಂತೆ ಕಾಯುವುದೆಂದು ಇಂದು ಅದನ್ನು ಮುಖಕ್ಕೆ ಹಚ್ಚುವ ಲೇಪನಗಳಲ್ಲಿ ಬೆರಸುತ್ತಾರೆ.

ಆರು ಪ್ರೋಟಾನುಗಳ ಲೆಕ್ಕ

ಉಪ್ಪಿನ ಸಮಸ್ಯೆಗೆ ಹೀಗೆ ಪರಿಹಾರ ಕಾಣುತ್ತದೆ. ಕ್ಷಾರದ ಸಮಸ್ಯೆಯಾದರೋ ಬಹಳ ಸೂಕ್ಷ್ಮವಾದುದು. ಭೌತವಿಜ್ಞಾನದ ವಿದ್ಯಾರ್ಥಿಗಳು ಇಲ್ಲಿ ತುಸು ನಿಲ್ಲಬೇಕೆಂದು ನಾವು ಬೇಡುತ್ತೇವೆ.

ಪಿ-ಎಚ್ ಎಂಬ ಅಳತೆಗೋಲನ್ನು ೧೯೦೯ರಲ್ಲಿ ಡೆನ್ಮಾರ್ಕಿನ ಸೋರೆನ್‌ಸೆನ್ ರೂಢಿಗೆ ತಂದನು. ಇದು ನೀರಿನಲ್ಲಿರುವ ಜಲಜನಕ ಅಯಾನುಗಳ, ಅಂದರೆ ಪ್ರೋಟಾನುಗಳ, ಸಾಂದ್ರತೆಯನ್ನು ಹತ್ತರ ಘಾತಗಳಲ್ಲಿ ತಿಳಿಸುತ್ತದೆ. ಪಿ-ಎಚ್ ಒಂದು ಅಂಕಿ ಏರಿದರೆ ಪ್ರೋಟಾನುಗಳು ಹತ್ತರಲ್ಲೊಂದು ಭಾಗಕ್ಕೆ ಇಳಿಯುತ್ತವೆ. ಈಗ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಉದ್ದ, ಅಷ್ಟೇ ಅಗಲ, ಅಷ್ಟೇ ಎತ್ತರವಿರುವ ಒಂದು ಜೀವಾಣುವನ್ನು ಊಹಿಸಿಕೊಳ್ಳಿ. ಅದರ ಒಳಗಿನ ಪಿ-ಎಚ್ ೮ ಆಗಿದ್ದರೆ ಅಲ್ಲಿ ಬಿಡಿಯಾಗಿರುವ ಪ್ರೋಟಾನುಗಳೆಷ್ಟು? ಅವೊಗಾಡ್ರೊ ಸಂಖ್ಯೆಯನ್ನು ಹಿಡಿದು ಗುಣಿಸಿ ನೋಡಿ: ಆರು! ಸಾವಿರವಲ್ಲ, ಲಕ್ಷವಲ್ಲ, ಬರಿಯ ಆರು. ಹೊರಗೆ, ಪಿ-ಎಚ್ ೧೦ರ ನೀರಿನಲ್ಲಿ, ಅಷ್ಟೇ ಗಾತ್ರದ ಹದಿನಾರು ಹದಿನೇಳು ಪೆಟ್ಟಿಗೆಗಳನ್ನು ಜಾಲಾಡಿದರೆ ಒಂದು ಪ್ರೋಟಾನು ದೊರೆತೀತು. ಇದು ಸರಾಸರಿಯ ಮಾತು. ನೀರಿನ ಅಣುಗಳು ಕ್ಷಣಕ್ಷಣಕ್ಕೂ ಒಡೆದು ಕೂಡುತ್ತ ಪ್ರೋಟಾನುಗಳನ್ನು ಕೊಟ್ಟು ಕೊಳ್ಳುತ್ತಿರುತ್ತವೆ. ಆದರೂ ಈ ಬಡತನ ಎಷ್ಟು ಘೋರವೆಂಬುದು ಲೆಕ್ಕದಿಂದ ತಿಳಿಯುತ್ತದೆ.

ಬಡತನವೇಕೆ ಎನ್ನುತ್ತೇವೆ? ಜೀವಕೋಶಗಳು ಪ್ರೋಟಾನುಗಳ ಹರಿವಿನಿಂದಲೇ ಶಕ್ತಿಯನ್ನು ಪಡೆಯುತ್ತವೆ. ಇಂಗ್ಲೆಂಡಿನ ಪೀಟರ್ ಮಿಚೆಲ್ ೧೯೬೧ರಲ್ಲಿ ಈ ವಾದವನ್ನು ಮುಂದಿಟ್ಟಾಗ ನಂಬಿದವರು ಕಡಮೆ. ೧೯೭೮ರಲ್ಲಿ ಅದಕ್ಕಾಗಿ ಆತನಿಗೆ ನೊಬೆಲ್ ಪಾರಿತೋಷಕ ಬಂದಿತು. ಜೀವಕೋಶವು ಆಹಾರವನ್ನು ಸುಟ್ಟು ಬಂದ ಶಕ್ತಿಯಿಂದ ಪ್ರೋಟಾನುಗಳನ್ನು ಪೊರೆಯ ಹೊರಕ್ಕೆ ನೂಕುತ್ತದೆ. ಅಣೆಕಟ್ಟಿನ ಹಿಂದೆ ನೀರು ನಿಂತಂತೆ ಅವು ಹೊರಗೆ ಕೂಡುತ್ತವೆ. ಆಮೇಲೆ ಪೊರೆಯಲ್ಲಿ ನಾಟಿರುವ ಒಂದು ಅಣುಚಕ್ರದ ಮೂಲಕ ಒಳಕ್ಕೆ ಮರಳುತ್ತ ಅವು ಚಕ್ರವನ್ನು ತಿರುಗಿಸುತ್ತವೆ, ಚಕ್ರವು ಎ.ಟಿ.ಪಿ. ಎಂಬ ಶಕ್ತಿಯ ನಾಣ್ಯವನ್ನು ಟಂಕಿಸುತ್ತದೆ. ಶಿವನಸಮುದ್ರದ ವಿದ್ಯುದಾಗಾರವನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಸಂಕಟ ಏನೆಂಬುದನ್ನು ಗಮನಿಸಿ. ಅಣೆಕಟ್ಟಿನ ನೀರು ಎತ್ತರದಲ್ಲಿ ನಿಲ್ಲಬೇಕಾದರೆ ಹೊರಗೆ ಪ್ರೋಟಾನು ಹೆಚ್ಚಾಗಿಯೂ ಒಳಗೆ ಕಡಮೆಯಾಗಿಯೂ ಇರಬೇಕು. ಸೋಡ ನೀರಿನಲ್ಲಿ ಸ್ಥಿತಿ ಇದಕ್ಕೆ ತಲೆಕೆಳಗು. ಹೊರಗಿನ ಪಿ-ಎಚ್ ೧೦.೫, ಒಳಗಿನದು ೮.೨ ಎಂದಿಟ್ಟುಕೊಂಡರೆ ಒಳಗೇ ಪ್ರೋಟಾನು ಇನ್ನೂರು ಪಟ್ಟು ಹೆಚ್ಚು! ಕಾಲುವೆ ಅಣೆಕಟ್ಟಿಗಿಂತ ಮೇಲಿದೆ. ಈ ವ್ಯತ್ಯಾಸದ ಬೆಲೆಯನ್ನು ವೋಲ್ಟುಗಳಲ್ಲಿ ಹೇಳಿದರೆ ಸುಮಾರು ೧೪೦ ಮಿಲಿವೋಲ್ಟು ನಷ್ಟ. ಇದನ್ನು ಸರಿದೂಗಿಸುವುದು ಪೊರೆಯ ವಿದ್ಯುತ್ತು. ಜೀವಾಣುವಿನ ಒಳಭಾಗ ಹೊರಗಿಗಿಂತ ಸುಮಾರು ೧೮೦ ಮಿಲಿವೋಲ್ಟಿನಷ್ಟು ಋಣವಾಗಿರುತ್ತದೆ. ಧನ ವಿದ್ಯುತ್ತಿನ ಪ್ರೋಟಾನನ್ನು ಅದು ಒಳಕ್ಕೆ ಸೆಳೆಯುತ್ತದೆ. ಕೂಡಿ ಕಳೆದರೆ ಉಳಿಯುವ ಬಲ ೪೦ ಮಿಲಿವೋಲ್ಟು. ಆದರೆ ಚಕ್ರವು ಎ.ಟಿ.ಪಿ.ಯನ್ನು ಮಾಡಬೇಕಾದರೆ ಇದರ ಮೂರರಷ್ಟಾದರೂ ಬೇಕೆಂದು ಲೆಕ್ಕ ಹೇಳುತ್ತದೆ. ಅಮೆರಿಕದಲ್ಲಿ ಟೆರಿ ಕ್ರುಲ್ವಿಚ್ ಎಂಬಾಕೆ ಮತ್ತು ಸಂಗಡಿಗರು ಒಂದು ಕ್ಷಾರಪ್ರಿಯ ಬ್ಯಾಸಿಲಸ್ಸನ್ನು ಹಿಡಿದು ದಶಕಗಳ ಕಾಲ ಈ ಒಗಟಿನೊಡನೆ ಸೆಣಸಿದರು. ಅದರ ಚಕ್ರದಲ್ಲಿ ಹದಿಮೂರು ಹಲ್ಲುಗಳಿವೆಯೆಂದು ತಿಳಿದುಬಂದಿದೆ. ನಮ್ಮ ಕರುಳಿನಲ್ಲಿರುವ ಕೋಲಿ ಬ್ಯಾಕ್ಟೀರಿಯದ ಚಕ್ರದಲ್ಲಿ ಇರುವುದು ಹತ್ತೇ. ಹಲ್ಲು ಹೆಚ್ಚಾದರೆ ಒಂದು ಸುತ್ತಿಗೆ ಹೆಚ್ಚು ಪ್ರೋಟಾನು ಬೇಕು, ಆದರೆ ಒಂದೊಂದಕ್ಕೂ ಕಡಮೆ ಬಲ ಸಾಕು. ಕಪಿಲೆಗೆ ಬಡಕಲು ಎತ್ತುಗಳನ್ನು ಹೂಡಿದವನು ಸಣ್ಣ ಬಾನಿ ಕಟ್ಟಿದಂತೆ. ಹೀಗಿದ್ದೂ ಲೆಕ್ಕ ಪೂರ್ತಿ ಸರಿಹೋಗುವುದಿಲ್ಲ. ಹೊರಕ್ಕೆ ನೂಕಿದ ಪ್ರೋಟಾನು ಕೆರೆಯ ನೀರಿನಲ್ಲಿ ಬೆರೆತು ಕಳೆದುಹೋಗುವ ಮುನ್ನವೇ ಪೊರೆಯ ಮೈಮೇಲೆಯೇ ಜಾರಿ ಪಕ್ಕದ ಚಕ್ರವನ್ನು ಸೇರುತ್ತದೆಂದು ಹಲವರ ಊಹೆ. ಈ ಚರ್ಚೆ ಇಂದಿಗೂ ಮುಗಿದಿಲ್ಲ. ಎಂ.ಎಸ್ಸಿ. ಮುಗಿಸಿ ವಿಷಯವನ್ನು ಹುಡುಕುತ್ತಿರುವ ಯಾವನಾದರೂ ಭೌತವಿಜ್ಞಾನಿ ಇತ್ತ ತಿರುಗಬಾರದೇಕೆ?

ಹಿಡಿಯುವ ಬಗೆ

ಜೀವಾಣುವನ್ನು ಹಿಡಿಯುವುದೆಂದರೆ ಅದಕ್ಕೆ ಬೇಕಾದ ಊಟವನ್ನು ಇಟ್ಟು ಕಾಯುವುದು. ೧೯೬೮ರಲ್ಲಿ ಜಪಾನಿನ ಕೋಕಿ ಹೊರಿಕೋಶಿ ಇಟಲಿಯ ಫ್ಲಾರೆನ್ಸ್ ನಗರಕ್ಕೆ ಹೋಗಿದ್ದನು. ಆ ನಗರದ ಹಳೆಯ ಕಟ್ಟಡಗಳನ್ನು ನೋಡುತ್ತಿದ್ದಾಗ, ಅವುಗಳನ್ನು ಕಟ್ಟುತ್ತಿದ್ದ ಕಾಲದಲ್ಲಿ ಜಪಾನಿನವರು ಇಂತಹ ನಾಗರಿಕತೆಯೊಂದಿದೆಯೆಂದು ಕನಸಿನಲ್ಲಿಯೂ ಎಣಿಸಿರಲಾರರೆಂದು ಅವನಿಗೆ ತೋರಿತು. ಹಾಗಾದರೆ ಸೂಕ್ಷ್ಮಜೀವಿಗಳಲ್ಲಿಯೂ ನಾವು ಎಣಿಸದ ಲೋಕವೊಂದಿರಬಾರದೆ? ಊರಿಗೆ ಮರಳಿದವನೇ ಊಟದ ದ್ರವಕ್ಕೆ ನೂರಕ್ಕೆ ಒಂದರಂತೆ ಸೋಡವನ್ನು ಬೆರಸಿ, ಮೂವತ್ತು ಕುಪ್ಪಿಗಳಲ್ಲಿ ತನ್ನ ಸಂಸ್ಥೆಯ ಆವರಣದ ಮಣ್ಣನ್ನೇ ಹಾಕಿಟ್ಟನು. ಮರುದಿನ ಮೂವತ್ತರಲ್ಲಿಯೂ ಜೀವಾಣುಗಳು! ಅವುಗಳಿಂದ ಬಂದ ಕಿಣ್ವಗಳೇ ಇಂದು ನಾವು ಬಟ್ಟೆ ಒಗೆಯುವ ಪುಡಿಗಳಲ್ಲಿ ಕೆಲಸ ಮಾಡುತ್ತಿವೆ. ಸೋಡದ ನೀರಿನಲ್ಲಿ ಸಾಮಾನ್ಯ ಕಿಣ್ವಗಳು ಉಳಿಯವಷ್ಟೆ. ಅಗಸನ ಸವಳಿನಲ್ಲಿ ಇದ್ದ ಜೀವಿಗಳು ಹೀಗೆ ಅಗಸನ ಕೆಲಸಕ್ಕೇ ಮರಳಿ ಬಂದುವು.

ಈ ಅಡಿಗೆಯಲ್ಲಿ ಒಂದು ನಾಜೂಕುಂಟು. ಸೋಡವನ್ನೂ ಆಹಾರವನ್ನೂ ಒಟ್ಟಿಗೆ ಕುದಿಸಿದರೆ ಸಕ್ಕರೆ ಕಂದಾಗಿ ಹಾಳಾಗುತ್ತದೆ, ಅಗರು ಗಟ್ಟಿಯಾಗುವುದಿಲ್ಲ. ಆದುದರಿಂದ ಎರಡನ್ನೂ ಬೇರೆ ಬೇರೆ ಕುದಿಸಿ, ತಣಿಯುವಾಗ ಕೂಡಿಸಬೇಕು. ಉಪ್ಪು ಹೆಚ್ಚು ಬೇಡುವ ಜೀವಿಗಳು ವಾರಗಟ್ಟಲೆ ಕಾಯಿಸುತ್ತವೆ. ಇಷ್ಟೆಲ್ಲ ಮಾಡಿದರೂ, ಸೂಕ್ಷ್ಮದರ್ಶಕದ ಕೆಳಗೆ ಕಾಣುವ ನೂರರಲ್ಲಿ ಒಂದು ಕೂಡ ತಟ್ಟೆಯ ಮೇಲೆ ಬೆಳೆಯದಿರುವುದು ಸಾಮಾನ್ಯ.

ಹೆಸರಿಡುವ ಬಗೆ

ತಟ್ಟೆಯ ಮೇಲೆ ಚುಕ್ಕೆ ಮೂಡಿತು; ಅದು ಹೊಸದೋ ಹಳೆಯದೋ ತಿಳಿಯುವುದು ಹೇಗೆ? ಹುಲಿಗೂ ಚಿರತೆಗೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಬ್ಯಾಕ್ಟೀರಿಯಗಳಾದರೋ ಕೋಲು, ಗುಂಡು, ಸುರುಳಿ ಎಂಬ ಮೂರು ನಾಲ್ಕು ವೇಷಗಳಲ್ಲಿ ಲೋಕವನ್ನೆಲ್ಲ ನಡೆಸುತ್ತವೆ. ೧೯೭೭ರಲ್ಲಿ ಅಮೆರಿಕದ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಹೊಸ ದಾರಿಯನ್ನು ತೋರಿದರು. ಪ್ರೋಟೀನನ್ನು ನೇಯುವ ರೈಬೊಸೋಮು ಎಂಬ ಮಗ್ಗ ಎಲ್ಲ ಜೀವಕೋಶಗಳಲ್ಲಿಯೂ ಉಂಟು. ಅದರಲ್ಲಿರುವ ೧೬-ಎಸ್ ಎಂಬ ಆರ್.ಎನ್.ಎ. ಎಳೆಯಲ್ಲಿ ಸುಮಾರು ೧,೫೦೦ ಅಕ್ಷರಗಳು. ನಕಲು ಮಾಡುತ್ತ ಮಾಡುತ್ತ ಓಲೆಗರಿಯ ಪ್ರತಿಗಳಲ್ಲಿ ತಪ್ಪುಗಳು ಸೇರುವಂತೆ ಈ ಎಳೆಯಲ್ಲಿಯೂ ಯುಗಯುಗಗಳಲ್ಲಿ ಅಕ್ಷರಗಳು ಬದಲಾಗುತ್ತವೆ. ಪಾಠಾಂತರಗಳನ್ನು ಹೋಲಿಸಿ ಯಾವ ಪ್ರತಿ ಯಾವುದರಿಂದ ಬಂದಿತೆಂದು ಪಂಡಿತರು ನಿರ್ಣಯಿಸುವುದಿಲ್ಲವೆ? ಇದೂ ಅದೇ ಕೆಲಸ. ಹೀಗೆ ಹೋಲಿಸಿದಾಗ ಬ್ಯಾಕ್ಟೀರಿಯವೆಂದು ಕರೆಯುತ್ತಿದ್ದ ಹಲವು ಜೀವಿಗಳು ಬ್ಯಾಕ್ಟೀರಿಯಗಳೇ ಅಲ್ಲವೆಂದೂ ಅವು ಆರ್ಕೀಯ ಎಂಬ ಬೇರೆಯೇ ಸಾಮ್ರಾಜ್ಯದವೆಂದೂ ತಿಳಿಯಿತು. ಉಪ್ಪು ಕಿಕ್ಕಿರಿದ ನೀರನ್ನು ಕೆಂಪೇರಿಸುವ ಜೀವಿಗಳು ಬಹುಮಟ್ಟಿಗೆ ಈ ಸಾಮ್ರಾಜ್ಯದ ಪ್ರಜೆಗಳು.

ಈಗ ಸಾಮಾನ್ಯವಾಗಿ ಹಿಡಿದಿರುವ ಗೆರೆ ಇದು: ೧೬-ಎಸ್ ಎಳೆಯಲ್ಲಿ ಅತಿ ಹತ್ತಿರದ ನೆಂಟನೊಡನೆ ಹೊಂದಿಕೆ ನೂರಕ್ಕೆ ೯೮.೭ಕ್ಕಿಂತ ಕಡಮೆಯಿದ್ದರೆ, ಅಂದರೆ ಸುಮಾರು ಇಪ್ಪತ್ತು ಅಕ್ಷರಗಳಿಗಿಂತ ಹೆಚ್ಚು ಭೇದವಿದ್ದರೆ, ಹೊಸ ಪ್ರಭೇದವೆನ್ನಲು ಕಾರಣವಿದೆ. ಹೊಂದಿಕೆ ಇದಕ್ಕಿಂತ ಹೆಚ್ಚಾಗಿದ್ದರೆ ಇಡೀ ಡಿ.ಎನ್.ಎ.ಗಳನ್ನು ಹೋಲಿಸಬೇಕು. ಅದೂ ಸಾಲದು. ಎಷ್ಟು ಉಪ್ಪಿನಲ್ಲಿ, ಎಷ್ಟು ಪಿ-ಎಚ್‌ನಲ್ಲಿ, ಎಷ್ಟು ಬಿಸಿಯಲ್ಲಿ ಬೆಳೆಯುತ್ತದೆ, ಏನನ್ನು ತಿನ್ನುತ್ತದೆ, ಪೊರೆಯ ಜಿಡ್ಡು ಎಂತಹುದು, ಎಂಬುದನ್ನೆಲ್ಲ ಬರೆದು, ಜೀವಂತ ತಳಿಯನ್ನು ಎರಡು ಬೇರೆ ಬೇರೆ ದೇಶಗಳ ಸಂಗ್ರಹಾಲಯಗಳಲ್ಲಿ ಠೇವಣಿಯಿಟ್ಟ ಬಳಿಕವೇ ಹೆಸರು ಊರ್ಜಿತವಾಗುತ್ತದೆ. ಯಾರು ಬೇಕಾದರೂ ತರಿಸಿ ಪರೀಕ್ಷಿಸಿ ನೋಡಲಿ ಎಂಬುದು ಇದರ ಅರ್ಥ. ನಮ್ಮ ದೇಶದಲ್ಲಿ ಚಂಡೀಗಢದ ಸೂಕ್ಷ್ಮಜೀವಿ ಸಂಗ್ರಹಾಲಯ ಇಂತಹುದು.

ಲೋಣಾರದ ನೀರು ಈ ಪರೀಕ್ಷೆಯನ್ನು ಹಲವು ಬಾರಿ ಗೆದ್ದಿದೆ. ೨೦೧೦ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ಎಸ್. ಶಿವಾಜಿ ಮತ್ತು ಸಂಗಡಿಗರು ಇಲ್ಲಿಂದ ಎರಡು ಹೊಸ ಕುಲಗಳನ್ನೇ ವರ್ಣಿಸಿದರು. ಒಂದಕ್ಕೆ ಇಂಡಿಬ್ಯಾಕ್ಟರ್ ಆಲ್ಕಲಿಫೈಲಸ್ ಎಂದು ಹೆಸರು. ಕ್ಷಾರವನ್ನು ಪ್ರೀತಿಸುವ ಭಾರತದ ಕೋಲು ಎಂದು ಅರ್ಥ. ಇನ್ನೊಂದು ನೈಟ್ರೈಟೇಲಿಯ ಹ್ಯಾಲಾಲ್ಕಲಿಫೈಲ. ೨೦೧೨ರಲ್ಲಿ ಮೂರನೆಯ ಕುಲ ಬಂದಿತು: ಸೆಸೆಂಬಿಯ ಲೋನಾರೆನ್ಸಿಸ್. ಲ್ಯಾಟಿನ್ ನಿಘಂಟಿನಲ್ಲಿ ಸೆಸೆಂಬಿಯವನ್ನು ಹುಡುಕಿದರೆ ಸಿಗದು; ಅದು ಸಿ.ಸಿ.ಎಂ.ಬಿ. ಎಂಬ ನಾಲ್ಕು ಅಕ್ಷರಗಳನ್ನು ಒಟ್ಟಿಗೆ ಉಚ್ಚರಿಸಿ ಮಾಡಿದ ಪದ! ಋಷಿಗಳ ಹೆಸರಿನಲ್ಲಿ ಗೋತ್ರಗಳಿದ್ದಂತೆ ಒಂದು ಪ್ರಯೋಗಶಾಲೆಯ ಹೆಸರಿನಲ್ಲಿ ಜೀವಾಣುಗಳ ಕುಲವೊಂದು ಶಾಶ್ವತವಾಗಿ ನಿಂತಿತು.

ಶಾಶ್ವತವೆಂದೆವು, ಆ ಮಾತನ್ನು ತುಸು ಸಡಿಲಿಸಬೇಕು. ಈಜಿಪ್ಟಿನ ವಾದಿ ನಾಟ್ರೂನಿನ ಸೋಡವನ್ನು ಪ್ರಾಚೀನರು ಶವಗಳನ್ನು ಕೆಡದಂತೆ ಒಣಗಿಸಲು ಬಳಸುತ್ತಿದ್ದರು. ಅಲ್ಲಿನ ಕೆರೆಗಳ ಒಂದು ಜೀವಿಯನ್ನು ೧೯೮೨ರಲ್ಲಿ ಸೋಲಿಮಾನ್ ಮತ್ತು ಟ್ರೂಪರ್ ಹ್ಯಾಲೊಬ್ಯಾಕ್ಟೀರಿಯಂ ಫೆರಾವೋನಿಸ್ ಎಂದು ಕರೆದರು. ಫೆರೋ ದೊರೆಗಳ ನೆನಪಿಗೆ. ಲೀಟರಿಗೆ ಸುಮಾರು ೨೦೦ ಗ್ರಾಂ ಉಪ್ಪಿದ್ದರೆ ಅದಕ್ಕೆ ಹಿತ. ೧೯೮೪ರಲ್ಲಿ ಟಿಂಡಲ್, ರಾಸ್, ಗ್ರಾಂಟ್ ಎಂಬವರು ಮಾಗಡಿಯ ಜೀವಿಗಳನ್ನು ವರ್ಣಿಸುವಾಗ ಇದನ್ನು ಕ್ಷಾರಪ್ರಿಯರ ಹೊಸ ಕುಲವಾದ ನೇಟ್ರೊನೊಬ್ಯಾಕ್ಟೀರಿಯಮ್ಮಿಗೆ ಸೇರಿಸಿದರು. ೧೯೯೭ರಲ್ಲಿ ಕಾಮೆಕುರ ಮತ್ತು ಇತರರು ೧೬-ಎಸ್ ಎಳೆಯನ್ನು ಓದಿ, ಇದು ಅಲ್ಲಿಗೂ ಸೇರದೆಂದು ನೇಟ್ರೊನೊಮೋನಾಸ್ ಎಂಬ ಕುಲವನ್ನು ಕಟ್ಟಿಕೊಟ್ಟರು. ಹದಿನೈದು ವರ್ಷಗಳಲ್ಲಿ ಮೂರು ಗೋತ್ರ! ಮೊದಲಿನ ಎರಡು ಹೆಸರುಗಳಲ್ಲಿ ಬ್ಯಾಕ್ಟೀರಿಯವೆಂದಿದ್ದರೂ ಇದು ಬ್ಯಾಕ್ಟೀರಿಯವಲ್ಲ, ಆರ್ಕೀಯ. ಹೆಸರು ಬದಲಾದರೂ ಜೀವಿಯ ಕಸುಬು ಬದಲಾಗಲಿಲ್ಲ. ಇದರ ಪೊರೆಯಲ್ಲಿ ಹಳದಿ ಬೆಳಕು ಬಿದ್ದಾಗ ಕ್ಲೋರೈಡನ್ನು ಒಳಕ್ಕೆ ಎಳೆಯುವ ಒಂದು ಪ್ರೋಟೀನಿದೆ. ೨೦೦೭ರಲ್ಲಿ ಅಮೆರಿಕದ ವಿಜ್ಞಾನಿಗಳು ಅದನ್ನು ಪ್ರಾಣಿಗಳ ನರಕೋಶಗಳಲ್ಲಿ ನೆಲೆಗೊಳಿಸಿ, ಹಳದಿ ಬೆಳಕಿನಿಂದ ಆ ಕೋಶಗಳ ಮಾತನ್ನು ಬೇಕೆಂದಾಗ ನಿಲ್ಲಿಸಬಹುದೆಂದು ತೋರಿಸಿದರು. ಮಿದುಳನ್ನು ಅರಿಯಲು ಇದು ಈಗ ಒಂದು ಉಪಕರಣ.

ಹೊಸತೆಂಬ ಮೋಹ

ಹೊಸತನ್ನು ಕಂಡೆವೆಂಬ ಸಂಭ್ರಮ ಎಲ್ಲಿಗೆ ಒಯ್ಯಬಹುದೆಂಬುದಕ್ಕೆ ಮೋನೋ ಸರೋವರದ ಕಥೆ ಸಾಕ್ಷಿ. ಅದರ ನೀರಿನಲ್ಲಿ ಉಪ್ಪು, ಸೋಡಗಳ ಜೊತೆಗೆ ಆರ್ಸೆನಿಕ್ ಕೂಡ ಉಂಟು. ಮೂಲವಸ್ತುಗಳ ಕೋಷ್ಟಕದಲ್ಲಿ ಆರ್ಸೆನಿಕ್ ರಂಜಕದ ಕೆಳಗಿನ ಮನೆಯದು. ಇಬ್ಬರ ನಡೆನುಡಿಯೂ ಹತ್ತಿರ ಹತ್ತಿರ. ೨೦೧೦ರ ಡಿಸೆಂಬರಿನಲ್ಲಿ ಫೆಲೀಸ ವುಲ್ಫ್-ಸೈಮನ್ ಮತ್ತು ಸಂಗಡಿಗರು ಸೈನ್ಸ್ ಪತ್ರಿಕೆಯಲ್ಲಿ ಒಂದು ಲೇಖನವನ್ನು ಪ್ರಕಟಿಸಿ, ಜಿ.ಎಫ್.ಎ.ಜೆ.-೧ ಎಂಬ ಮೋನೋದ ಬ್ಯಾಕ್ಟೀರಿಯವು ರಂಜಕ ಸಿಗದಿದ್ದಾಗ ತನ್ನ ಡಿ.ಎನ್.ಎ.ಯಲ್ಲಿಯೇ ಆರ್ಸೆನಿಕ್ಕನ್ನು ಹೆಣೆದುಕೊಳ್ಳುತ್ತದೆಂದರು. ಜೀವದ ಲಕ್ಷಣವನ್ನೇ ತಿದ್ದಿ ಬರೆಯಬೇಕೆಂದು ಜಗತ್ತಿನ ಪತ್ರಿಕೆಗಳೆಲ್ಲ ಸಾರಿದುವು. ವರ್ಗೀಕರಣ ಮಾತ್ರ ಮೊದಲಿನಿಂದಲೂ ತಣ್ಣಗೆ ಬೇರೆಯೇ ಮಾತನ್ನು ಹೇಳುತ್ತಿತ್ತು: ೧೬-ಎಸ್ ಎಳೆಯ ಪ್ರಕಾರ ಇದು ಉಪ್ಪುನೀರಿನಲ್ಲೆಲ್ಲ ಸಿಕ್ಕುವ ಹ್ಯಾಲೊಮೋನಾಸಿನ ಬಂಧುವರ್ಗದ ಸಾಮಾನ್ಯ ಸದಸ್ಯ. ೨೦೧೨ರಲ್ಲಿ ಕೆನಡದ ರೋಸಿ ರೆಡ್‌ಫೀಲ್ಡ್ ಮತ್ತು ಸಂಗಡಿಗರೂ, ಪ್ರತ್ಯೇಕವಾಗಿ ಜೂರಿಕ್ಕಿನವರೂ, ಪ್ರಯೋಗವನ್ನು ಮತ್ತೆ ಮಾಡಿದರು. ಚೆನ್ನಾಗಿ ತೊಳೆದ ಡಿ.ಎನ್.ಎ.ಯಲ್ಲಿ ಆರ್ಸೆನಿಕ್ ಕೂಡಿಕೊಂಡಿರಲಿಲ್ಲ. ಊಟದ ಲವಣಗಳಲ್ಲಿ ಕಲ್ಮಷವಾಗಿದ್ದ ಅತ್ಯಲ್ಪ ರಂಜಕವನ್ನೇ ಆ ಜೀವಾಣು ಹೆಕ್ಕಿ ಬದುಕುತ್ತಿತ್ತು. ೨೦೨೫ರ ಜುಲೈಯಲ್ಲಿ ಪತ್ರಿಕೆಯು ಆ ಲೇಖನವನ್ನು ಹಿಂದಕ್ಕೆ ಪಡೆಯಿತು. ಲೇಖಕರು ಇದಕ್ಕೆ ಒಪ್ಪಲಿಲ್ಲ. ವಂಚನೆಯ ಆರೋಪವನ್ನು ಪತ್ರಿಕೆಯೂ ಮಾಡಲಿಲ್ಲ. ನಮಗನಿಸುವುದಿಷ್ಟು: ಅಷ್ಟು ಆರ್ಸೆನಿಕ್ಕಿನ ನಡುವೆ ಅಷ್ಟು ಕಡಮೆ ರಂಜಕವನ್ನು ಗುರುತಿಸಿ ಆರಿಸಿಕೊಳ್ಳುವುದು ಸಾಮಾನ್ಯ ಚಾತುರ್ಯವಲ್ಲ. ಆ ನಿಜವಾದ ಅದ್ಭುತಕ್ಕೆ ಪತ್ರಿಕೆಗಳು ಅಷ್ಟು ದೊಡ್ಡ ಅಕ್ಷರಗಳನ್ನು ಬಳಸಲಿಲ್ಲ.

ಲೋಣಾರಕ್ಕೆ ಮರಳೋಣ. ೨೦೨೦ರ ಜೂನಿನಲ್ಲಿ ಆ ಹಸುರು ಕೆರೆ ದಿಢೀರನೆ ಗುಲಾಬಿ ಬಣ್ಣಕ್ಕೆ ತಿರುಗಿತು. ನೀರನ್ನು ಪರೀಕ್ಷಿಸಿದ ಪುಣೆಯ ಆಗರ್ಕರ್ ಸಂಶೋಧನ ಸಂಸ್ಥೆಯವರು ಇದು ಉಪ್ಪುಪ್ರಿಯ ಆರ್ಕೀಯಗಳ ಕೆಲಸವೆಂದರು. ಬೇಸಿಗೆಯಲ್ಲಿ ನೀರು ಬತ್ತಿ ಉಪ್ಪು ದಟ್ಟೈಸಿದಾಗ ಅವುಗಳ ಕಾಲ ಬಂದಿತ್ತು. ಮಳೆ ಬಿದ್ದು ನೀರು ತೆಳುವಾದಾಗ ಬಣ್ಣವೂ ಅಳಿಯಿತು. ಸಿಹಿನೀರು ಬರುತ್ತಲೇ ಇದ್ದು ಕೆರೆ ಸೋಡವನ್ನು ಕಳೆದುಕೊಂಡರೆ, ಇಂಡಿಬ್ಯಾಕ್ಟರಿನ ನೆಂಟರಿಷ್ಟರಲ್ಲಿ ಇನ್ನೂ ಹೆಸರಿಲ್ಲದವರು ಹೆಸರಿಲ್ಲದೆಯೇ ಹೋಗುತ್ತಾರೆ.

ನಮ್ಮ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ತುಂಗಭದ್ರೆಯ ಕಾಲುವೆಯ ಕೆಳಗಿನ ಊರಿನವನಾದ ಇನ್ನೊಬ್ಬ ವಿದ್ಯಾರ್ಥಿ, ನೀರು ನಿಂತು ಸವಳೇರಿ ಬೆಳೆ ಬಾರದಾದ ತಮ್ಮ ಹೊಲದ ಮಣ್ಣನ್ನು ಒಂದು ಡಬ್ಬಿಯಲ್ಲಿ ತಂದನು. ಸೂಕ್ಷ್ಮಜೀವಿ ವಿಭಾಗದ ನಮ್ಮ ಮಿತ್ರರು ಹೊರಿಕೋಶಿಯ ಕ್ರಮದಂತೆ ತಟ್ಟೆಗಳನ್ನು ಸಿದ್ಧಮಾಡಿಕೊಟ್ಟರು. ಒಂಬತ್ತನೆಯ ದಿನ ತಟ್ಟೆಯೊಂದರ ಮೇಲೆ ಕಿತ್ತಳೆ ಬಣ್ಣದ ನಾಲ್ಕು ಚುಕ್ಕೆಗಳು ಮೂಡಿದುವು. ಹುಡುಗರು ಆಗಲೇ ತಮ್ಮ ಊರಿನ ಹೆಸರಿಗೆ ಲ್ಯಾಟಿನ್ ಪ್ರತ್ಯಯವನ್ನು ಹಚ್ಚಿ ನೋಡತೊಡಗಿದ್ದರು. ಎರಡನೆಯ ತಟ್ಟೆಗೆ ವರ್ಗಾಯಿಸಿದಾಗ ಏನೂ ಬೆಳೆಯಲಿಲ್ಲ. ತಪ್ಪು ನಮ್ಮದೇ: ಮೊದಲೇ ಮಾಡಿಟ್ಟಿದ್ದ ತಟ್ಟೆಗಳನ್ನು ನಾವು ಮೂರು ವಾರ ಸಡಿಲವಾಗಿ ಮುಚ್ಚಿ ಇಟ್ಟಿದ್ದೆವು. ಸೋಡವು ಗಾಳಿಯ ಇಂಗಾಲಾಮ್ಲವನ್ನು ಕುಡಿದು ಬೈಕಾರ್ಬೊನೇಟಾಗಿ, ಪಿ-ಎಚ್ ೧೦ರಿಂದ ೯ರ ಕೆಳಕ್ಕೆ ಜಾರಿತ್ತು. ಕಾಗದದ ಚೂರನ್ನು ತಾಗಿಸಿ ನೋಡಿದ ಮೇಲಷ್ಟೇ ಅದು ನಮಗೆ ತಿಳಿದದ್ದು. ಡಬ್ಬಿಯಲ್ಲಿ ಅರ್ಧದಷ್ಟು ಮಣ್ಣು ಉಳಿದಿದೆ. ಈ ಸಲ ತಟ್ಟೆಗಳನ್ನು ಅಂದಂದೇ ಹೊಯ್ಯುವುದೆಂದು ಗೊತ್ತುಮಾಡಿದ್ದೇವೆ.